ಬಫಲೋ ಮೂರು ವರ್ಷ ಕಾದಿತ್ತು

2018ರ ಏಪ್ರಿಲ್‌ನಲ್ಲಿ ಅಮೆರಿಕನ್ ಫುಟ್‌ಬಾಲ್‌ನ ದೊಡ್ಡ ಲೀಗ್ ಆದ ಎನ್‌ಎಫ್‌ಎಲ್‌ನ ಡ್ರಾಫ್ಟ್ ನಡೆದಾಗ ಮೊದಲ ಸುತ್ತಿನಲ್ಲೇ ಐದು ಜನ ಕ್ವಾರ್ಟರ್‌ಬ್ಯಾಕ್‌ಗಳು, ಅಂದರೆ ಚೆಂಡು ಎಸೆದು ಆಟ ನಡೆಸುವವರು, ಆಯ್ಕೆಯಾದರು. ಬೇಕರ್ ಮೇಫೀಲ್ಡ್ ಮೊದಲನೆಯವನಾಗಿ ಕ್ಲೀವ್‌ಲ್ಯಾಂಡ್‌ಗೆ ಹೋದ. ಸ್ಯಾಮ್ ಡಾರ್ನಾಲ್ಡ್ ಮೂರನೆಯವನಾಗಿ ನ್ಯೂಯಾರ್ಕ್ ಜೆಟ್ಸ್‌ಗೆ, ಜೋಶ್ ಆಲನ್ ಏಳನೆಯವನಾಗಿ ಬಫಲೋ ಬಿಲ್ಸ್‌ಗೆ, ಜೋಶ್ ರೋಸನ್ ಹತ್ತನೆಯವನಾಗಿ ಅರಿಜೋನಾಗೆ. ಸುತ್ತಿನ ಕಟ್ಟಕಡೆಗೆ, 32ನೆಯವನಾಗಿ, ಲಾಮಾರ್ ಜಾಕ್ಸನ್‌ನನ್ನು ಬಾಲ್ಟಿಮೋರ್ ತೆಗೆದುಕೊಂಡಿತು. ಡ್ರಾಫ್ಟ್ ಅಂದರೆ ನಮ್ಮ ಐಪಿಎಲ್ ಹರಾಜಿನ ಹಾಗಲ್ಲ. ಕಾಲೇಜು ಆಟ ಮುಗಿಸಿ ಬರುವ ಹುಡುಗರನ್ನು ತಂಡಗಳು ಸರದಿಯ ಪ್ರಕಾರ ಆರಿಸಿಕೊಳ್ಳುತ್ತವೆ. ಹಿಂದಿನ ವರ್ಷ ಎಲ್ಲರಿಗಿಂತ ಕೆಟ್ಟದಾಗಿ ಆಡಿದ ತಂಡಕ್ಕೆ ಮೊದಲ ಸರದಿ.

ಈ ಐವರಲ್ಲಿ ಆರಿಸಿದ ತಂಡದಲ್ಲೇ ಬೇರೂರಿದವರು ಇಬ್ಬರೇ. ತಮಾಷೆ ಏನು ಗೊತ್ತಾ? ಅಂದು ಅತಿ ಜಾಸ್ತಿ ಅನುಮಾನ ಇದ್ದದ್ದು ಆ ಇಬ್ಬರ ಮೇಲೇ. ಜಾಕ್ಸನ್ ಕ್ವಾರ್ಟರ್‌ಬ್ಯಾಕ್ ಆಟ ಬಿಟ್ಟು, ಓಡಿ ಪಾಸ್ ಹಿಡಿಯುವ ರಿಸೀವರ್ ಆಗಲಿ ಅಂದ ಪಂಡಿತರಿದ್ದರು. ಆಲನ್‌ಗೆ ತೋಳಿನಲ್ಲಿ ಬಲ ಇದೆ, ಗುರಿ ಇಲ್ಲ ಅಂದರು. ಎಸೆಯುವ ಶೈಲಿ ನೋಡಿ ಎಲ್ಲರೂ ಹೊಗಳಿದ್ದ ರೋಸನ್ ಒಂದೇ ವರ್ಷದಲ್ಲಿ ಅರಿಜೋನಾ ಬಿಟ್ಟ.

ಬಹಳ ಕಾಲ ತಂಡವನ್ನು ಹೊತ್ತು ನಿಲ್ಲುವ ಕ್ವಾರ್ಟರ್‌ಬ್ಯಾಕ್‌ನನ್ನು ಹೇಗೆ ಗುರುತಿಸುವುದು ಅಂತ ಯಾರಾದರೂ ಕೇಳಿದರೆ ನನಗೆ ಆಲನ್ ಕಥೆಯೇ ಮೊದಲು ನೆನಪಾಗುತ್ತದೆ. ಅವನು ಈಗಿನವರಲ್ಲಿ ಎಲ್ಲರಿಗಿಂತ ದೊಡ್ಡವನು ಅಂತಲ್ಲ. ಆ ಪಟ್ಟ ಕಾನ್ಸಾಸ್ ಸಿಟಿಯ ಪ್ಯಾಟ್ರಿಕ್ ಮಹೋಮ್ಸ್‌ಗೇ ಇರಲಿ. ಆದರೆ ಮಹೋಮ್ಸ್ ಮೊದಲ ಪೂರ್ಣ ಸೀಸನ್‌ನಲ್ಲೇ ಎಂವಿಪಿ, ಅಂದರೆ ಲೀಗ್‌ನ ವರ್ಷದ ಶ್ರೇಷ್ಠ ಆಟಗಾರ, ಆದ. ಅದರಿಂದ ಬೇರೆ ತಂಡಗಳು ಕಲಿಯುವುದಕ್ಕೆ ಏನೂ ಉಳಿಯಲಿಲ್ಲ. ಆಲನ್ ನಮ್ಮ ಕಣ್ಣೆದುರೇ ತಪ್ಪು ಮಾಡಿ, ತಿದ್ದಿಕೊಂಡು ಬೆಳೆದವನು.

ಆಟ ನೋಡದವರಿಗಾಗಿ ಕ್ವಾರ್ಟರ್‌ಬ್ಯಾಕ್‌ನ ಕೆಲಸ ಏನು ಅಂತ ಸ್ವಲ್ಪ ಹೇಳಬೇಕು. ಕ್ರಿಕೆಟ್‌ನಲ್ಲಿ ಇಂಥ ಜಾಗವೇ ಇಲ್ಲ. ಅಲ್ಲಿ ಎಷ್ಟೇ ದೊಡ್ಡ ಬ್ಯಾಟ್ಸ್‌ಮನ್ ಔಟಾದರೂ ಮುಂದಿನವನು ಬರುತ್ತಾನೆ. ಇಲ್ಲಿ ತಂಡ ಚೆಂಡು ಇಟ್ಟುಕೊಂಡಿರುವಷ್ಟು ಹೊತ್ತು ಹೆಚ್ಚುಕಡಿಮೆ ಪ್ರತಿ ಸಲ ಚೆಂಡು ಮೊದಲು ಬರುವುದು ಇವನ ಕೈಗೆ. ಪಂದ್ಯ ನಡೆಯುವುದು ಸಣ್ಣ ಸಣ್ಣ ತುಣುಕುಗಳಲ್ಲಿ, ಒಂದೊಂದು ತುಣುಕನ್ನೂ ಆಟ ಅನ್ನೋಣ. ಒಂದು ಆಟ ಮುಗಿದು ಇನ್ನೊಂದು ಶುರುವಾಗುವುದಕ್ಕೆ 40 ಸೆಕೆಂಡ್ ಕೊಡುತ್ತಾರೆ. ಆ ಹೊತ್ತಿನಲ್ಲಿ ಕೋಚ್ ಹೆಲ್ಮೆಟ್‌ನೊಳಗಿನ ರೇಡಿಯೋದಲ್ಲಿ ಮುಂದಿನ ಆಟ ಯಾವುದು ಅಂತ ಹೇಳುತ್ತಾರೆ. ಟಿವಿಯಲ್ಲಿ ಹೆಲ್ಮೆಟ್ ಹಿಂದೆ ಹಸಿರು ಚುಕ್ಕೆ ಕಾಣುತ್ತದಲ್ಲ, ಅದು ಆ ರೇಡಿಯೋ ಇರುವವನ ಗುರುತು. ಗಡಿಯಾರದಲ್ಲಿ 15 ಸೆಕೆಂಡ್ ಉಳಿದಾಗ ರೇಡಿಯೋ ಕಟ್ ಆಗುತ್ತದೆ. ಅಲ್ಲಿಂದ ಮುಂದೆ ಅವನೊಬ್ಬನೇ.

ಆ 15 ಸೆಕೆಂಡಿನಲ್ಲಿ ಅವನು ಎದುರಾಳಿಗಳು ನಿಂತಿರುವ ರೀತಿ ಓದಬೇಕು. ಹಿಂದೆ ನಿಂತು ಕಾಯುವ ಸೇಫ್ಟಿಗಳು ಒಬ್ಬರೋ ಇಬ್ಬರೋ? ಯಾರು ಮುಂದೆ ನುಗ್ಗಿ ಬರಬಹುದು? ಯಾರು ಸುಮ್ನೆ ಹೆದರಿಸುತ್ತಿದ್ದಾರೆ? ಕೋಚ್ ಹೇಳಿದ ಆಟ ನಡೆಯುವುದಿಲ್ಲ ಅನ್ನಿಸಿದರೆ ಅಲ್ಲೇ ಕೂಗಿ ಬದಲಾಯಿಸಬೇಕು. ಚೆಂಡು ಕೈಗೆ ಬಂದ ಮೇಲೆ ಎರಡೂವರೆ, ಮೂರು ಸೆಕೆಂಡ್ ಸಿಕ್ಕಿದರೆ ಪುಣ್ಯ. ಅಷ್ಟರಲ್ಲಿ ಡಿಫೆನ್ಸ್ ವೇಷ ಬದಲಿಸಿರುತ್ತದೆ, ಮೊದಲು ಓದಿದ್ದೆಲ್ಲ ಸುಳ್ಳಾಗಿರುತ್ತದೆ. 130, 140 ಕೆಜಿ ತೂಕದ ಆಳುಗಳು ಮೈಮೇಲೆ ಬರುತ್ತಿರುವಾಗ ಕಣ್ಣು ಅವರ ಕಡೆ ಹೋಗಬಾರದು, ದೂರದ ರಿಸೀವರ್ ಮೇಲೇ ಇರಬೇಕು.

ಕಾಲೇಜು ಆಟ ನೋಡಿ ಇದೆಲ್ಲ ಬರುತ್ತದೋ ಇಲ್ಲವೋ ಅಂತ ತೀರ್ಮಾನಿಸುವುದು ಕಷ್ಟ. ಎತ್ತರ ಅಳೆಯಬಹುದು, ತೋಳಿನ ಬಲ ಅಳೆಯಬಹುದು. ಮೂರನೇ ಸೆಕೆಂಡಿನಲ್ಲಿ ತಲೆಯೊಳಗೆ ಏನು ನಡೆಯುತ್ತದೆ ಅನ್ನುವುದಕ್ಕೆ ಅಳತೆಗೋಲು ಎಲ್ಲಿದೆ? ಮುಂದೆ ಎಲ್ಲರಿಗಿಂತ ದೊಡ್ಡ ಕ್ವಾರ್ಟರ್‌ಬ್ಯಾಕ್ ಅನ್ನಿಸಿಕೊಂಡ ಟಾಮ್ ಬ್ರೇಡಿಯನ್ನು 2000ರಲ್ಲಿ 199ನೆಯವನಾಗಿ ಆರಿಸಿದ್ದು ಇದಕ್ಕೇ. ಆರಿಸಿದ ನ್ಯೂ ಇಂಗ್ಲೆಂಡ್‌ಗೂ ಏನು ಸಿಕ್ಕಿದೆ ಅಂತ ಗೊತ್ತಿರಲಿಲ್ಲ ಅನ್ನಿ. ಗೊತ್ತಿದ್ದರೆ 198 ಜನ ಹೋಗುವ ತನಕ ಕಾಯುತ್ತಿದ್ದರಾ?

ಈಗ ಆಲನ್‌ಗೆ ಬರೋಣ. ಕ್ಯಾಲಿಫೋರ್ನಿಯಾದ ಫೈರ್‌ಬಾ ಅನ್ನುವ ಸಣ್ಣ ಊರಿನವನು, ಬೇಸಾಯದ ಮನೆ. ಹೈಸ್ಕೂಲ್ ಮುಗಿದಾಗ ಒಂದೇ ಒಂದು ದೊಡ್ಡ ಕಾಲೇಜು ಕರೆಯಲಿಲ್ಲ. ರೀಡ್ಲಿ ಕಾಲೇಜು ಅನ್ನುವ ಎರಡು ವರ್ಷದ ಕಾಲೇಜಿಗೆ ಸೇರಿದ. ಅಲ್ಲಿಂದ ಸಿಕ್ಕ ಸಿಕ್ಕ ಕೋಚ್‌ಗಳಿಗೆಲ್ಲ ತನ್ನ ಆಟದ ವಿಡಿಯೋ ಇಮೇಲ್ ಮಾಡಿದ. ಕೊನೆಗೆ ವಯೋಮಿಂಗ್‌ನಲ್ಲಿ ಜಾಗ ಸಿಕ್ಕಿತು. ಅಲ್ಲಿನ ಕೊನೆಯ ಸೀಸನ್‌ನಲ್ಲಿ ಅವನ ಪಾಸ್‌ಗಳಲ್ಲಿ ಗುರಿ ಮುಟ್ಟಿದ್ದು ನೂರಕ್ಕೆ 56.3. ಕಾಲೇಜಿನಲ್ಲೇ 60 ದಾಟದವನು ಎನ್‌ಎಫ್‌ಎಲ್‌ನಲ್ಲಿ ಬಾಳುವುದಿಲ್ಲ ಅನ್ನುವ ನಂಬಿಕೆ ಆಗ ಗಟ್ಟಿಯಾಗಿತ್ತು. ಅದು ಪೂರ್ತಿ ತಪ್ಪೂ ಅಲ್ಲ, ಸಾಮಾನ್ಯವಾಗಿ ಹಾಗೇ ಆಗುತ್ತದೆ.

ಬಫಲೋಗೂ ಬೇರೆ ದಾರಿ ಇರಲಿಲ್ಲ. ಜಿಮ್ ಕೆಲಿ 1996ರ ಸೀಸನ್ ಮುಗಿಸಿ ನಿವೃತ್ತನಾದ ಮೇಲೆ ಆ ಊರು ಎಷ್ಟು ಕ್ವಾರ್ಟರ್‌ಬ್ಯಾಕ್‌ಗಳನ್ನು ನೋಡಿತು! ಫ್ಲೂಟಿ, ಬ್ಲೆಡ್ಸೋ, ಲಾಸ್‌ಮನ್, ಎಡ್ವರ್ಡ್ಸ್, ಫಿಟ್ಜ್‌ಪ್ಯಾಟ್ರಿಕ್, ಮ್ಯಾನುಯೆಲ್, ಆರ್ಟನ್, ಟೇಲರ್. ನಡುವೆ 17 ಸೀಸನ್ ಪ್ಲೇಆಫ್ ಮುಖ ನೋಡಿರಲಿಲ್ಲ. ಇನ್ನೊಂದು ಗಾಯ ಇದೆ. 2017ರ ಡ್ರಾಫ್ಟ್‌ನಲ್ಲಿ ಹತ್ತನೇ ಸರದಿ ಬಫಲೋದ್ದೇ ಆಗಿತ್ತು. ಅದನ್ನು ಕಾನ್ಸಾಸ್ ಸಿಟಿಗೆ ಬಿಟ್ಟುಕೊಟ್ಟು, ಬದಲಿಗೆ ಕೆಳಗಿನ ಸರದಿಗಳನ್ನೂ ಮುಂದಿನ ವರ್ಷದ ಮೊದಲ ಸುತ್ತಿನ ಒಂದು ಸರದಿಯನ್ನೂ ತೆಗೆದುಕೊಂಡಿತು. ಆ ಹತ್ತನೇ ಸರದಿಯಲ್ಲಿ ಕಾನ್ಸಾಸ್ ಸಿಟಿ ಆರಿಸಿದ್ದು ಮಹೋಮ್ಸ್‌ನನ್ನು. ಆಮೇಲೆ ಬಫಲೋವನ್ನು ಪ್ಲೇಆಫ್‌ನಿಂದ ಮತ್ತೆ ಮತ್ತೆ ಮನೆಗೆ ಕಳಿಸಿದವನೂ ಅವನೇ. ಹಣೆಬರಹ ಅನ್ನಬೇಕೋ, ಮೈಮೇಲೆ ಎಳೆದುಕೊಂಡದ್ದು ಅನ್ನಬೇಕೋ.

ಆಲನ್‌ನ ಮೊದಲ ವರ್ಷ ಚೆನ್ನಾಗಿರಲಿಲ್ಲ. 2018ರ ಮೊದಲ ಪಂದ್ಯ ಅವನಿಗೆ ಕೊಡಲೂ ಇಲ್ಲ. ಬಾಲ್ಟಿಮೋರ್ ಎದುರು ಬಫಲೋ 47-3ರಲ್ಲಿ ಚಿಂದಿಯಾಯಿತು, ಆ ಪಂದ್ಯದ ನಡುವೆ ಅವನನ್ನು ಇಳಿಸಿದರು. ಮುಂದಿನ ವಾರದಿಂದ ಜಾಗ ಅವನದಾಯಿತು. ನಡುವೆ ಮೊಣಕೈ ಗಾಯ. ಸೀಸನ್ ಮುಗಿದಾಗ 10 ಟಚ್‌ಡೌನ್ ಪಾಸ್ (ಎದುರಾಳಿಯ ಗೆರೆ ದಾಟಿ ಅಂಕ ತಂದವು), 12 ಇಂಟರ್‌ಸೆಪ್ಶನ್ (ಎದುರಾಳಿಯ ಕೈಗೆ ಸಿಕ್ಕವು), ಗುರಿ ಮುಟ್ಟಿದ ಪಾಸ್ ನೂರಕ್ಕೆ 52.8. ಕಾಲೇಜಿಗಿಂತಲೂ ಕಡಿಮೆ. ಎರಡನೇ ವರ್ಷ 58.8ಕ್ಕೆ ಏರಿತು, ತಂಡ ಪ್ಲೇಆಫ್‌ಗೂ ಹೋಯಿತು. ಅಲ್ಲಿ ಹ್ಯೂಸ್ಟನ್ ಎದುರು 16-0 ಮುಂದಿದ್ದವರು ಓವರ್‌ಟೈಮ್‌ನಲ್ಲಿ 22-19ರಲ್ಲಿ ಸೋತರು. ಆ ಪಂದ್ಯದ ಕೊನೆಗೆ ಓಡುತ್ತಾ ಓಡುತ್ತಾ, ಇನ್ನೇನು ಕೆಳಗೆ ಬೀಳುತ್ತೇನೆ ಅನ್ನುವಾಗ, ಚೆಂಡನ್ನು ತೆಗೆದು ಹಿಂದಕ್ಕೆ ಎಸೆದುಬಿಟ್ಟ. ಅದನ್ನು ನೋಡಿದವರು ಯಾರೂ ಈ ಹುಡುಗನ ಕೈಗೆ ಮನೆ ಕೀಲಿ ಕೊಡಬಹುದು ಅನ್ನುತ್ತಿರಲಿಲ್ಲ.

ಮೂರನೇ ವರ್ಷ, 2020. ನೂರಕ್ಕೆ 69.2. 37 ಟಚ್‌ಡೌನ್ ಪಾಸ್, 10 ಇಂಟರ್‌ಸೆಪ್ಶನ್. 13 ಪಂದ್ಯ ಗೆದ್ದು, ಲೀಗ್‌ನ ಫೈನಲ್ ಆದ ಸೂಪರ್ ಬೌಲ್‌ಗೆ ಒಂದೇ ಮೆಟ್ಟಿಲು ಕೆಳಗಿನ ಕಾನ್ಫರೆನ್ಸ್ ಫೈನಲ್ ತನಕ ಹೋದರು.

ಎರಡು ವರ್ಷದಲ್ಲಿ 16 ಅಂಕ ಏರುವುದು ಅಂದರೆ ಸಾಮಾನ್ಯ ಅಲ್ಲ. ಗುರಿ ಅನ್ನುವುದು ಹುಟ್ಟಿನಿಂದ ಬರುತ್ತದೆ, ಕಲಿಸಲಾಗದು ಅನ್ನುತ್ತಿದ್ದವರೆಲ್ಲ ಬಾಯಿ ಮುಚ್ಚಿದರು. ಅವನ ಕಡೆಯಿಂದ ಆದ ಕೆಲಸ ಇದೆ. ರಜೆಯಲ್ಲಿ ಹಳೆಯ ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಪಾಮರ್ ಜೊತೆ ಕೂತು ಎಸೆತವನ್ನು ಬಿಚ್ಚಿ ನೋಡಿದ. ಪಾದ ಎಲ್ಲಿರಬೇಕು, ಸೊಂಟ ಯಾವಾಗ ತಿರುಗಬೇಕು, ಎಲ್ಲವನ್ನೂ ಮೊದಲಿನಿಂದ. ಅಷ್ಟು ಬಲದ ತೋಳು ಇದ್ದವನಿಗೆ ಕಾಲಿನ ಚಿಂತೆ ಯಾಕೆ ಬೇಕಿತ್ತು ಅನ್ನಿಸಬಹುದು. ಆ ತೋಳೇ ಅವನನ್ನು ಹಾಳು ಮಾಡಿದ್ದು. ಹೇಗೆ ನಿಂತು ಎಸೆದರೂ ಚೆಂಡು 50 ಗಜ ಹೋಗುತ್ತಿತ್ತು, ಹಾಗಾಗಿ ಸರಿಯಾಗಿ ನಿಲ್ಲುವ ಅಗತ್ಯವೇ ಬಿದ್ದಿರಲಿಲ್ಲ.

ನಾನು ಈ ಆಟದಲ್ಲಿ ಮೊದಲು ಹುಡುಕುವುದೇ ಇದನ್ನು. ಒಬ್ಬ ಹುಡುಗನಿಗೆ ಏನು ಚೆನ್ನಾಗಿ ಬರುತ್ತದೆ ಅನ್ನುವುದು ಡ್ರಾಫ್ಟ್ ದಿನವೇ ಎಲ್ಲರಿಗೂ ಕಾಣುತ್ತದೆ. ಏನು ಬರುವುದಿಲ್ಲ ಅನ್ನುವುದೂ ಕಾಣುತ್ತದೆ. ಬರದೇ ಇದ್ದದ್ದು ಎರಡು ವರ್ಷ ಕಳೆದ ಮೇಲೆ ಬರುತ್ತದಾ? ಬರುತ್ತದೆ ಅಂದರೆ ಅವನ ಸುತ್ತ ತಂಡ ಕಟ್ಟಬಹುದು. ಮೊದಲ ವರ್ಷದ ಅಂಕಿಗಳು ನನ್ನ ಮಟ್ಟಿಗೆ ಏನೂ ಹೇಳುವುದಿಲ್ಲ. ಪೇಟನ್ ಮ್ಯಾನಿಂಗ್ 1998ರಲ್ಲಿ ಮೊದಲ ವರ್ಷ 28 ಇಂಟರ್‌ಸೆಪ್ಶನ್ ಕೊಟ್ಟ, ಇಂಡಿಯಾನಾಪೊಲಿಸ್ 3 ಪಂದ್ಯ ಗೆದ್ದು 13 ಸೋತಿತು. ಮಾರನೇ ವರ್ಷ 13 ಗೆದ್ದು 3 ಸೋತಿತು.

ಆದರೆ ಇಷ್ಟೇ ಹೇಳಿ ನಿಲ್ಲಿಸಿದರೆ ಅದು ಹೀರೋ ಕಥೆ ಆಗುತ್ತದೆ. ಬಫಲೋ ಏನು ಮಾಡಿತು ಅನ್ನುವುದೂ ಅಷ್ಟೇ ಮುಖ್ಯ. ನನ್ನನ್ನು ಕೇಳಿದರೆ ಇನ್ನೂ ಜಾಸ್ತಿ ಮುಖ್ಯ.

ಆಗಿನ ಮುಖ್ಯ ಕೋಚ್ ಶಾನ್ ಮೆಕ್‌ಡರ್ಮಟ್ 2017ರಲ್ಲಿ ಬಂದವರು. ಜನರಲ್ ಮ್ಯಾನೇಜರ್ ಬ್ರ್ಯಾಂಡನ್ ಬೀನ್ ಕೂಡ ಅದೇ ವರ್ಷ. ಆಫೆನ್ಸ್, ಅಂದರೆ ಚೆಂಡು ತಮ್ಮ ಕೈಯಲ್ಲಿದ್ದಾಗಿನ ಆಟ, ನೋಡಿಕೊಳ್ಳುತ್ತಿದ್ದ ಕೋಚ್ ಬ್ರಯಾನ್ ಡೇಬಲ್ ಆಲನ್‌ನ ಮೊದಲ ನಾಲ್ಕೂ ವರ್ಷ ಅಲ್ಲೇ ಇದ್ದರು. ಅಂದರೆ ಹೆಲ್ಮೆಟ್‌ನೊಳಗೆ ನಾಲ್ಕು ವರ್ಷ ಒಂದೇ ದನಿ, ಒಂದೇ ಭಾಷೆ. ಡೇಬಲ್ ಬೇರೆ ತಂಡಕ್ಕೆ ಮುಖ್ಯ ಕೋಚ್ ಆಗಿ ಹೋದಾಗಲೂ ಆ ಜಾಗಕ್ಕೆ ಬಂದದ್ದು ಆಲನ್ ಜೊತೆಗೇ ಕೆಲಸ ಮಾಡುತ್ತಿದ್ದ ಕೆನ್ ಡಾರ್ಸಿ. ಅವರ ನಂತರದ ಜೋ ಬ್ರೇಡಿ ಕೂಡ ಮನೆಯೊಳಗಿನವರೇ.

ಸಾಮಾನು ಕೊಟ್ಟ ಕ್ರಮವೂ ಚೆನ್ನಾಗಿತ್ತು. 2019ರಲ್ಲಿ ಮಿಚ್ ಮೋರ್ಸ್ ಬಂದ, ಕ್ವಾರ್ಟರ್‌ಬ್ಯಾಕ್‌ಗೆ ಚೆಂಡು ಕೊಟ್ಟು ಅವನನ್ನು ಕಾಯುವ ಸೆಂಟರ್, ಜೊತೆಗೆ ಜಾನ್ ಬ್ರೌನ್ ಮತ್ತು ಕೋಲ್ ಬೀಸ್ಲಿ ಅನ್ನುವ ಅನುಭವಿ ರಿಸೀವರ್‌ಗಳು. ಮೊದಲು ಹುಡುಗನ ಜೀವ ಉಳಿಯಲಿ, ಸುಲಭದ ಪಾಸ್‌ಗಳು ಸಿಗಲಿ ಅಂತ. 2020ರ ಮಾರ್ಚ್‌ನಲ್ಲಿ ಮಿನೆಸೋಟಾದಿಂದ ಸ್ಟೆಫಾನ್ ಡಿಗ್ಸ್‌ನನ್ನು ತಂದರು, ಮೊದಲ ಸುತ್ತಿನ ಸರದಿಯನ್ನೇ ಕೊಟ್ಟು. ಆ ವರ್ಷ ಡಿಗ್ಸ್ 127 ಕ್ಯಾಚ್ ಹಿಡಿದ, ಲೀಗ್‌ಗೇ ಮೊದಲಿಗ. ಹಾಗಾದರೆ 69.2ರಲ್ಲಿ ಪಾಮರ್ ಪಾಲೆಷ್ಟು, ಡೇಬಲ್ ಪಾಲೆಷ್ಟು, ಡಿಗ್ಸ್ ಪಾಲೆಷ್ಟು? ಬಿಡಿಸಿ ಹೇಳುವುದಕ್ಕೆ ಆಗುವುದಿಲ್ಲ. ಬಿಡಿಸಿ ಹೇಳುತ್ತೇವೆ ಅನ್ನುವ ಟಿವಿ ಪಂಡಿತರನ್ನು ನಾನು ನಂಬುವುದಿಲ್ಲ.

ಅತ್ತ ಉಳಿದ ಮೂವರಿಗೆ ಏನಾಯಿತು ನೋಡಿ. ಅರಿಜೋನಾದಲ್ಲಿ ಆಫೆನ್ಸ್ ಕೋಚ್‌ನನ್ನು ರೋಸನ್‌ನ ಮೊದಲ ಸೀಸನ್ ಅರ್ಧಕ್ಕೇ ತೆಗೆದರು. ಸೀಸನ್ ಮುಗಿದ ಮೇಲೆ ಮುಖ್ಯ ಕೋಚ್‌ನನ್ನೂ ತೆಗೆದರು. ಹೊಸ ಕೋಚ್ ಬಂದು 2019ರಲ್ಲಿ ಮೊದಲ ಸರದಿಯಲ್ಲೇ ಕೈಲರ್ ಮರ್ರಿ ಅನ್ನುವ ಬೇರೆ ಕ್ವಾರ್ಟರ್‌ಬ್ಯಾಕ್‌ನನ್ನು ಆರಿಸಿಕೊಂಡರು, ರೋಸನ್ ಮಯಾಮಿಗೆ ಗಂಟುಮೂಟೆ ಕಟ್ಟಿದ. ಮೇಫೀಲ್ಡ್ ಮೊದಲ ಮೂರು ಸೀಸನ್‌ನಲ್ಲಿ ಹಂಗಾಮಿಯನ್ನೂ ಸೇರಿಸಿ ನಾಲ್ಕು ಮುಖ್ಯ ಕೋಚ್‌ಗಳನ್ನು ಕಂಡ. ಆದರೂ 2020ರ ಸೀಸನ್‌ನಲ್ಲಿ ಕ್ಲೀವ್‌ಲ್ಯಾಂಡ್‌ಗೆ ಎಷ್ಟೋ ವರ್ಷಗಳ ನಂತರ ಒಂದು ಪ್ಲೇಆಫ್ ಗೆಲುವು ತಂದುಕೊಟ್ಟ. ಮರುವರ್ಷ ಭುಜದ ಗಾಯ ಇಟ್ಟುಕೊಂಡೇ ಆಡಿದ, ಆಟ ಕೆಟ್ಟಿತು. ತಂಡ ಮೊದಲ ಸುತ್ತಿನ ಮೂರು ಸರದಿ ಕೊಟ್ಟು, 23 ಕೋಟಿ ಡಾಲರ್ ಪೂರ್ತಿ ಗ್ಯಾರಂಟಿ ಕೊಟ್ಟು ಡೆಶಾನ್ ವಾಟ್ಸನ್ ಅನ್ನುವ ಕ್ವಾರ್ಟರ್‌ಬ್ಯಾಕ್‌ನನ್ನು ತಂದಿತು. ಈ ಲೀಗ್‌ನ ಇತಿಹಾಸದಲ್ಲಿ ಇಷ್ಟು ಕೆಟ್ಟ ವ್ಯಾಪಾರ ಇನ್ನೊಂದಿಲ್ಲ ಅಂತ ನನ್ನ ಅಭಿಪ್ರಾಯ. ಮೇಫೀಲ್ಡ್ ಎರಡು ತಂಡ ಸುತ್ತಿ ಟ್ಯಾಂಪಾ ಬೇಗೆ ಬಂದು, ಟಾಮ್ ಬ್ರೇಡಿ ಬಿಟ್ಟುಹೋದ ಜಾಗದಲ್ಲಿ ನಿಂತು, ಮೊದಲ ವರ್ಷವೇ ತಂಡವನ್ನು ಪ್ಲೇಆಫ್‌ಗೆ ಒಯ್ದ. ಡಾರ್ನಾಲ್ಡ್‌ನನ್ನು ಜೆಟ್ಸ್ ಮೂರು ವರ್ಷಕ್ಕೆ ಕೈಬಿಟ್ಟಿತು. ಅವನು 2024ರಲ್ಲಿ ಮಿನೆಸೋಟಾಗೆ 14 ಪಂದ್ಯ ಗೆದ್ದುಕೊಟ್ಟ.

ಇವರಿಬ್ಬರಿಗೂ ಆಟ ಬರುತ್ತಿತ್ತು ಅಂತ ಆಯಿತಲ್ಲ? ಆಯ್ಕೆ ಮಾಡಿದ ತಂಡಗಳು ತಪ್ಪಿದ್ದು ಆರಿಸುವಾಗ ಅಲ್ಲ, ಆಮೇಲೆ. ರೋಸನ್ ಬಫಲೋಗೆ ಹೋಗಿದ್ದರೆ ಉಳಿಯುತ್ತಿದ್ದನಾ? ಇಲ್ಲ ಅಂತಲೇ ನನಗನ್ನಿಸುತ್ತದೆ. ಮುಂದೆ ಹಲವು ತಂಡ ಸುತ್ತಿದರೂ ಎಲ್ಲೂ ಅವನ ಆಟ ಕುದುರಲಿಲ್ಲ. ಆಲನ್ ಅರಿಜೋನಾಗೆ ಹೋಗಿದ್ದರೆ? ಆ 52.8 ನೋಡಿಕೊಂಡು ಅವನಿಗೆ ಎರಡನೇ ವರ್ಷ ಕೊಡುತ್ತಿದ್ದರು ಅನ್ನುವ ನಂಬಿಕೆ ನನಗಿಲ್ಲ.

ಬಾಲ್ಟಿಮೋರ್ ಇನ್ನೊಂದು ದಾರಿ ಹಿಡಿಯಿತು. ಜಾಕ್ಸನ್‌ನನ್ನು ತಿದ್ದುವ ಬದಲು ಆಟವನ್ನೇ ಅವನ ಓಟಕ್ಕೆ ತಕ್ಕಂತೆ ಬರೆದರು. 2019ರಲ್ಲಿ ಮತ ಹಾಕಿದವರೆಲ್ಲರ ಮತ ಪಡೆದು ಎಂವಿಪಿ ಆದ. ಅದೂ ಸರಿಯಾದ ದಾರಿಯೇ. ಎರಡೂ ಕಡೆ ಸಾಮಾನ್ಯವಾದದ್ದು ಒಂದೇ, ಕುರ್ಚಿಯಲ್ಲಿ ಕೂತ ಹಿರಿಯರು ಗಾಬರಿ ಬೀಳಲಿಲ್ಲ.

ಇನ್ನು ದುಡ್ಡಿನ ಮಾತು. ಇದಿಲ್ಲದೆ ಈ ವಿಷಯ ಅರ್ಥವೇ ಆಗುವುದಿಲ್ಲ. ಎನ್‌ಎಫ್‌ಎಲ್‌ನಲ್ಲಿ ಎಲ್ಲ ತಂಡಗಳಿಗೂ ಸಂಬಳದ ಮಿತಿ ಒಂದೇ. 2025ಕ್ಕೆ ಅದು 27.92 ಕೋಟಿ ಡಾಲರ್. ಹೊಸ ಹುಡುಗರ ಸಂಬಳ ಡ್ರಾಫ್ಟ್ ಸರದಿಯ ಮೇಲೆ ನಿಗದಿ. ಲೀಗ್ ಮತ್ತು ಆಟಗಾರರ ಸಂಘದ ನಡುವಿನ 2011ರ ಒಪ್ಪಂದದ ನಂತರ ಅದು ಬಹಳ ಕಡಿಮೆ. ಹಾಗಾಗಿ ಮೊದಲ ನಾಲ್ಕೈದು ವರ್ಷ ಒಳ್ಳೆಯ ಕ್ವಾರ್ಟರ್‌ಬ್ಯಾಕ್ ಅಗ್ಗಕ್ಕೆ ಸಿಗುತ್ತಾನೆ, ಉಳಿದ ದುಡ್ಡಲ್ಲಿ ಸುತ್ತ ಒಳ್ಳೆಯ ತಂಡ ಕಟ್ಟಬಹುದು. ಬಫಲೋ ಮಾಡಿದ್ದು ಅದನ್ನೇ. ಆಮೇಲೆ ಬಿಲ್ ಬರುತ್ತದೆ. 2021ರ ಆಗಸ್ಟ್‌ನಲ್ಲಿ ಆಲನ್‌ಗೆ ಆರು ವರ್ಷಕ್ಕೆ 25.8 ಕೋಟಿ ಡಾಲರ್ ಒಪ್ಪಂದ ಆಯಿತು. ಅಲ್ಲಿಂದ ಮುಂದೆ ಬೇರೆಯವರಿಗೆ ಕೊಡುವುದಕ್ಕೆ ದುಡ್ಡು ಕಡಿಮೆಯಾಗುತ್ತಾ ಹೋಗುತ್ತದೆ.

ನಿಜವಾದ ಪರೀಕ್ಷೆ ಶುರುವಾಗುವುದು ಇಲ್ಲಿ. 2024ರ ಏಪ್ರಿಲ್‌ನಲ್ಲಿ ಬಫಲೋ ಡಿಗ್ಸ್‌ನನ್ನು ಹ್ಯೂಸ್ಟನ್‌ಗೆ ಕಳಿಸಿತು. ತಂಡ ಬಿಟ್ಟು ಹೋದವನ ಹಳೇ ಒಪ್ಪಂದದ ಲೆಕ್ಕವೇ 3 ಕೋಟಿ ಡಾಲರ್‌ಗೂ ಮೀರಿ ಆ ವರ್ಷದ ಸಂಬಳದ ಮಿತಿಯೊಳಗೆ ಕೂತಿತ್ತು. ಸೆಂಟರ್ ಮೋರ್ಸ್‌ನನ್ನೂ ಬಿಟ್ಟರು. ಇನ್ನು ಈ ತಂಡದ ಕಥೆ ಮುಗಿಯಿತು ಅಂದವರು ತುಂಬಾ ಜನ. ಆ ಸೀಸನ್‌ನಲ್ಲಿ ಬಫಲೋದ ಒಬ್ಬ ರಿಸೀವರ್ ಕೂಡ ಪಾಸ್ ಹಿಡಿದು ಗಳಿಸಿದ ದೂರ ಸಾವಿರ ಗಜ ಮುಟ್ಟಲಿಲ್ಲ. ಎಲ್ಲರಿಗಿಂತ ಮುಂದಿದ್ದ ಖಲೀಲ್ ಶಕೀರ್‌ಗೆ 821. ಹಾಗಿದ್ದೂ ತಂಡ 13 ಪಂದ್ಯ ಗೆದ್ದಿತು. ಆಲನ್ ಬರೀ 6 ಇಂಟರ್‌ಸೆಪ್ಶನ್ ಕೊಟ್ಟು ಎಂವಿಪಿ ಆದ. 2020ರಲ್ಲಿ ಡಿಗ್ಸ್ ಇದ್ದದ್ದಕ್ಕೆ ಆಲನ್ ಮೇಲೆದ್ದ ಅನ್ನುತ್ತಿದ್ದ ವಾದಕ್ಕೆ ಉತ್ತರ ಸಿಗುವುದಕ್ಕೆ ನಾಲ್ಕು ವರ್ಷ ಬೇಕಾಯಿತು. 2025ರ ಮಾರ್ಚ್‌ನಲ್ಲಿ ಹೊಸ ಒಪ್ಪಂದ, ಆರು ವರ್ಷಕ್ಕೆ 33 ಕೋಟಿ ಡಾಲರ್.

ಸೂಪರ್ ಬೌಲ್ ಗೆದ್ದಿಲ್ಲವಲ್ಲ, ಅಂದರೆ ಇವನೇನು ದೊಡ್ಡ ಆಧಾರ ಅಂತ ಕೇಳುವವರಿದ್ದಾರೆ. ಆ ಮಾತು ನನಗೆ ಹಿಡಿಸುವುದಿಲ್ಲ. 2022ರ ಜನವರಿ 23ರಂದು ಕಾನ್ಸಾಸ್ ಸಿಟಿಯಲ್ಲಿ ಕೊನೆಯ ಎರಡು ನಿಮಿಷದಲ್ಲಿ ಆಲನ್ ಎರಡು ಟಚ್‌ಡೌನ್ ಪಾಸ್ ಎಸೆದ, ಎರಡೂ ಗೇಬ್ರಿಯಲ್ ಡೇವಿಸ್‌ಗೆ. ಎರಡು ಸಲವೂ ಬಫಲೋ ಮುಂದಾಯಿತು. 13 ಸೆಕೆಂಡ್ ಉಳಿದಿತ್ತು. ಆ 13 ಸೆಕೆಂಡಿನಲ್ಲಿ ಬಫಲೋ ಡಿಫೆನ್ಸ್ ಮಹೋಮ್ಸ್‌ಗೆ ಫೀಲ್ಡ್ ಗೋಲ್ ಒದ್ದು ಮೂರು ಅಂಕ ಪಡೆದು ಸಮ ಮಾಡುವಷ್ಟು ದೂರ ಬಿಟ್ಟುಕೊಟ್ಟಿತು. ಓವರ್‌ಟೈಮ್ ಟಾಸ್ ಸೋತರು. ಆಲನ್ ಕೈಗೆ ಮತ್ತೆ ಚೆಂಡೇ ಬರಲಿಲ್ಲ, 42-36ರಲ್ಲಿ ಮುಗಿಯಿತು. ಆ ಪಂದ್ಯದ ಗಲಾಟೆಯಿಂದಾಗಿ ಎರಡು ತಿಂಗಳಲ್ಲಿ ಲೀಗ್ ಪ್ಲೇಆಫ್ ಓವರ್‌ಟೈಮ್ ನಿಯಮವನ್ನೇ ಬದಲಾಯಿಸಿತು, ಈಗ ಎರಡೂ ತಂಡಕ್ಕೆ ಅವಕಾಶ ಸಿಗುತ್ತದೆ. ಬಫಲೋದವರಿಗೆ ಅದರಿಂದ ಏನು ಬಂತು? ಜಿಮ್ ಕೆಲಿ ಸತತ ನಾಲ್ಕು ಸೂಪರ್ ಬೌಲ್ ಸೋತವನು. ಆ ಊರಿನಲ್ಲಿ ಹೋಗಿ ಅವನು ಆಧಾರ ಅಲ್ಲ ಅಂತ ಹೇಳಿ ನೋಡಿ! ಡ್ಯಾನ್ ಮರೀನೋ ಮಯಾಮಿಯಲ್ಲಿ 17 ಸೀಸನ್ ಆಡಿದ, ಒಂದೇ ಒಂದು ಸೂಪರ್ ಬೌಲ್ ಆಡಿ ಅದನ್ನೂ ಸೋತ. ಅವನ ನಂತರ ಮಯಾಮಿ ಆ ಜಾಗ ತುಂಬಲು ಎಷ್ಟು ವರ್ಷ ಒದ್ದಾಡಿತು ಅನ್ನುವುದೇ ಸಾಕು.

ನನ್ನ ಚಿಂತೆ ಬೇರೆ ಇದೆ. ಹೊಸ ಒಪ್ಪಂದ 2030ರ ತನಕ. ಆಗ ಆಲನ್‌ಗೆ 34 ತುಂಬಿರುತ್ತದೆ. ಟಾಮ್ ಬ್ರೇಡಿ 45ರ ತನಕ ಆಡಿದ ನಿಜ, ಆದರೆ ಅವನು ಓಡುವವನಲ್ಲ. ಆಲನ್ ಓಡಿ, ಎದುರಿಗೆ ಬಂದವರನ್ನು ಗುದ್ದಿಕೊಂಡು ಹೋಗುವವನು. ಇದೇ ಮೈಕಟ್ಟಿನ, ಇದೇ ರೀತಿ ಆಡುತ್ತಿದ್ದ ಕ್ಯಾಮ್ ನ್ಯೂಟನ್ 2015ರಲ್ಲಿ ಎಂವಿಪಿ. ಭುಜ ಕೈಕೊಟ್ಟಿತು, ಆಮೇಲೆ ಪಾದ. 2020ರಲ್ಲಿ ಕ್ಯಾರೊಲೈನಾ ಅವನನ್ನು ಬಿಟ್ಟಾಗ ಬರೀ 30 ವರ್ಷ. ಅದಕ್ಕೇ ಆಲನ್‌ನ 2024ರ ಅಂಕಿಗಳಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಟಚ್‌ಡೌನ್ ಅಲ್ಲ. ಇಡೀ ಸೀಸನ್‌ನಲ್ಲಿ ಅವನನ್ನು ಚೆಂಡು ಎಸೆಯುವ ಮೊದಲೇ ಕೆಡವಿದ್ದು 14 ಸಲ ಮಾತ್ರ. ಮುಂಚೆ ಆಗಿದ್ದರೆ ಚೆಂಡು ಹಿಡಿದುಕೊಂಡು ನಾಲ್ಕು ಜನರನ್ನು ತಪ್ಪಿಸಲು ಹೋಗಿ ಐದನೆಯವನ ಕೈಗೆ ಸಿಕ್ಕಿಬೀಳುತ್ತಿದ್ದ. ಆ ವರ್ಷ ಹೊರಗೆ ಎಸೆದು, ಮುಂದಿನ ಆಟಕ್ಕೆ ಬನ್ನಿ ಅಂದ. ಸೀಸನ್ ಶುರುವಾದ ಮೇಲೆ ಪ್ರತಿ ಸೋಮವಾರ ನಾನು ಮೊದಲು ನೋಡುವುದು ಆ ಒಂದು ಸಂಖ್ಯೆಯನ್ನು, ಗೆದ್ದರೋ ಸೋತರೋ ಅಂತ ಆಮೇಲೆ.